ಬಬಲೇಶ್ವರದ ಮೊದಲ ಸಾಲು

ತಿಕೋಟಾದ ಸಂತೆಯಲ್ಲಿ ಅಂದು ಎಲ್ಲವೂ ಎಂದಿನಂತೆಯೇ ಇತ್ತು. ನಾವು ಬಸ್ಸಿಳಿದು, ಚಹಾದಂಗಡಿಯ ಎದುರಿನ ಖಾಲಿ ಜಾಗದಲ್ಲಿ ಅರ್ಧ ವೃತ್ತವಾಗಿ ನಿಂತೆವು. ಹಲಗೆ ಬಾರಿಸುವ ಗೆಳತಿ ಕಾಗದ ಸುಟ್ಟು ಹಲಗೆ ಕಾಯಿಸಿದಳು. ನನ್ನ ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

ನಮ್ಮದು ಹೆಣ್ಣುಮಕ್ಕಳ ಕಲಾ ಬಳಗ. ವಿಜಯಪುರದಲ್ಲಿ ಬಾಡಿಗೆಯ ಒಂದು ಹಾಲ್‌ನಲ್ಲಿ ಸೇರುತ್ತೇವೆ. ಹಾಡು, ಬೀದಿ ನಾಟಕ, ಗೋಡೆಯ ಮೇಲಿನ ಚಿತ್ರ, ಹೀಗೆ ಬಂದಷ್ಟು ಮಾಡುತ್ತೇವೆ. ಹೆಂಗಸರ ದುಡಿಮೆಯ ಮಾತು ಬೀದಿಗೆ ಬರಬೇಕು ಎಂದು ಬಳಗ ಕಟ್ಟಿದ ಮೇಡಂ ಹೇಳುತ್ತಾರೆ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಬಳಗದಲ್ಲಿ ಹಿಂದೆ ನಿಂತು ಹಾಡುವವಳು. ಅಕ್ಕ ಘೋಣಸಗಿಯಲ್ಲಿದ್ದಳು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಡ್ಡಿ ಆರಿಸುತ್ತಿದ್ದಳು.

ಹೊಲದಲ್ಲಿ ಕಸ ತೆಗೆಯುವಾಗ ಹಾಡುವ ರೀತಿಯೇ ನಮ್ಮದು. ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಅದಕ್ಕೆ ಸೊಲ್ಲು ಕೊಡುತ್ತಾರೆ. ಸೊಲ್ಲು ಯಾವ ಊರಿಗೆ ಹೋದರೂ ಅದೇ. ಎತ್ತುವ ಸಾಲು ಮಾತ್ರ ಬೇರೆ. ಎದುರಿಗಿದ್ದ ಮುಖಗಳನ್ನು ನೋಡಿ ಅಕ್ಕ ಅಲ್ಲಿಯೇ ಕಟ್ಟುತ್ತಿದ್ದಳು. ಅಂದು ಚಹಾ ಕುಡಿಯುತ್ತ ನಿಂತವನೊಬ್ಬನನ್ನು ಹಿಡಿದಳು.

"ಚಾ ಕುಡದು ಕಪ್ಪ ಇಟ್ಟಿ, ಮನ್ಯಾಗ ತೊಳಿಯಾಕಿ ಯಾರಣ್ಣಾ?"

"ಅಕಿ ಹೆಸರೇನಣ್ಣಾ, ಹೇಳಿ ಹೋಗಣ್ಣಾ," ಎಂದು ನಾವು ಸೊಲ್ಲು ಕೊಟ್ಟೆವು.

ಅವನು ನಾಚಿಕೊಂಡ. "ಹೆಂಡ್ತಿ ಹೆಸರ ಸಂತ್ಯಾಗ ಯಾಕ್ ಹೇಳ್ಲಿ? ರೇಶನ್ ಕಾರ್ಡ್ ನೋಡ್ಕೋರಿ."

"ನನಗ ಓದಾಕ ಬರೂದಿಲ್ಲೋ ಯಪ್ಪಾ, ಬಾಯಿಲೇ ಹೇಳು," ಎಂದಳು ಅಕ್ಕ. ಜನ ನಕ್ಕರು. ಅವನು ಕಪ್ಪಿನೊಳಗೆ ನೋಡುತ್ತ ಹೆಸರು ಹೇಳಿದ. ಅಕ್ಕ ಆ ಹೆಸರಿಟ್ಟೇ ಮುಂದಿನ ಸಾಲು ಎತ್ತಿದಳು. ಯಾರ ಹೆಸರು ಸಿಕ್ಕರೂ ಅದನ್ನು ಸಾಲಿಗೆ ಸೇರಿಸದೆ ಅವಳು ಬಿಡುತ್ತಿರಲಿಲ್ಲ.

ಮುಗಿದ ಮೇಲೆ ಘೋಣಸಗಿಯ ಜೀಪಿನವರೆಗೆ ಅವಳನ್ನು ಬಿಡಲು ಹೋದೆ. ಮುಂದಿನ ಕಾರ್ಯಕ್ರಮ ಬಬಲೇಶ್ವರದಲ್ಲಿತ್ತು.

"ಅಲ್ಲಿ ಏನ್ ಎತ್ತಾಕಿ ಬೇ?" ಎಂದು ಕೇಳಿದೆ.

"ಮಂದಿ ಮುಖಾ ನೋಡದ ಹೆಂಗ್ ಹೇಳ್ಲಿ? ನಿಂದೊಂದು ಅವಸರ," ಎಂದಳು. ಪಕ್ಕದವಳನ್ನು ಸರಿಸಿ ಕುಳಿತಳು. ಜೀಪು ಹೋಯಿತು.

ಮರುದಿನ ಮುಂಜಾನೆ ನೀರು ತುಂಬುವಾಗ ಬಿದ್ದಳಂತೆ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ವಿಜಯಪುರದ ಆಸ್ಪತ್ರೆಗೆ ತಂದರು. ನಾನು ಹೋದಾಗ ಉಸಿರಿತ್ತು, ಮಾತಿರಲಿಲ್ಲ. ಸಂಜೆ ಅದೂ ಹೋಯಿತು. ಬೆರಳಿನ ಸಂದಿಯಲ್ಲಿ ದ್ರಾಕ್ಷಿಯ ಕಂದು ಬಣ್ಣ ಹಾಗೆಯೇ ಇತ್ತು.

ನನಗೆ ಅಳು ಬರಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಮದುವೆ ಮನೆಯವರ ಬ್ಲೌಸುಗಳಿದ್ದವು, ಹುಕ್ಕು ಹಚ್ಚಿದೆ. ಒಂದಕ್ಕೆ ಎರಡೂ ತೋಳು ಬಲಗಡೆಯವೇ ಬಂದಿದ್ದವು. ಬಿಚ್ಚಿ ಮತ್ತೆ ಹೊಲಿದೆ. ಊಟ ಮಾಡಿದೆ. ರುಚಿ ನೆನಪಿಲ್ಲ.

ಬಬಲೇಶ್ವರದ ದಿನ ಹತ್ತಿರ ಬಂದಾಗ ಮೇಡಂ ಮನೆಗೆ ಬಂದರು. "ಬ್ಯಾಡಂದ್ರ ಬಿಡೂಣು. ಹೋಗೂದಾದ್ರ ನೀನ ಎತ್ತಬೇಕು," ಎಂದರು. ಹೋಗೋಣ ಎಂದೆ. ಯಾಕೆ ಎಂದೆನೋ ಗೊತ್ತಿಲ್ಲ. ಎಲ್ಲರೂ ಹಾಲ್‌ನಲ್ಲಿ ಕುಳಿತು ಸಾಲು ಕಟ್ಟಲು ನೋಡಿದೆವು. ಯಾರು ಬಾಯಿ ತೆರೆದರೂ ತಿಕೋಟಾದ ಚಹಾದ ಸಾಲೇ ಬರುತ್ತಿತ್ತು. ಅಲ್ಲಿಗೆ ಹೋಗಿ ಮುಖ ನೋಡಿದರೆ ಬಂದೀತು ಎಂದುಕೊಂಡು ಎದ್ದೆವು.

ಬಬಲೇಶ್ವರದ ಸಂತೆಯಲ್ಲಿ ಹಲಗೆ ಶುರುವಾಯಿತು. ಮುಂದೆ ಹೋಗಬೇಕಾದವಳು ನಾನು. ಕಾಲು ರೂಢಿಯಂತೆ ಹಿಂದಿನ ಸಾಲಿನಲ್ಲೇ ನಿಂತಿತ್ತು. ಮುಖಗಳನ್ನು ನೋಡಿದೆ. ಮುಖಗಳಿದ್ದವು, ಅಷ್ಟೇ. ಹಲಗೆಯವಳು ಇನ್ನೊಂದು ಸುತ್ತು ಬಾರಿಸಿ ನನ್ನತ್ತ ನೋಡಿದಳು. ನಿಡೋಣಿಯಿಂದ ಬದನೆಕಾಯಿ ತಂದು ಕುಳಿತಿದ್ದ ಮುದುಕಿ ರೇಗಿದಳು.

"ಯಾಕ್ ಬೇ, ಬಾಯಾಗ ಬದನಿಕಾಯಿ ಇಟ್ಕೊಂಡೀರಿ? ಹಾಡ್ರಿ, ಇಲ್ಲಂದ್ರ ಸರೀರಿ, ಗಿರಾಕಿ ಬರ್ತಾವು."

ಆಗ ನನ್ನ ಬಾಯಿಂದ ಬಂದದ್ದು ಸೊಲ್ಲು. ಅದೊಂದೇ ನನಗೆ ಗೊತ್ತಿದ್ದದ್ದು. "ಅಕಿ ಹೆಸರೇನಣ್ಣಾ, ಹೇಳಿ ಹೋಗಣ್ಣಾ." ಉಳಿದವರೂ ಸೇರಿದರು. ಮತ್ತೆ ಅದೇ. ಮತ್ತೆ ಅದೇ.

"ಯಾರ ಹೆಸರ ಬೇ?" ಎಂದು ಮುದುಕಿ ತಕ್ಕಡಿ ಕೆಳಗಿಟ್ಟು ಕೇಳಿದಳು. "ಯಾರಂತ ಹೇಳವಲ್ಲಿ, ಬರೇ ಕೇಳಾಕತ್ತಿ."

ನಾನು ಅಕ್ಕನ ಹೆಸರು ಹೇಳಿದೆ.

ಮುದುಕಿ ಹೂಂ ಎಂದಳು, ಸೇರಿದ ಜನ ಮುಂದಿನ ಸಾಲಿಗೆ ಕಾದರು. ಹೆಸರು ಸಿಕ್ಕ ಮೇಲೆ ಅದನ್ನಿಟ್ಟು ಸಾಲು ಎತ್ತಬೇಕು. ಎತ್ತುವವಳು ಅಕ್ಕ. ಹಲಗೆ ಸ್ವಲ್ಪ ಹೊತ್ತು ನಡೆದು ನಿಂತಿತು. ಮೇಡಂ ಮುಂದೆ ಬಂದು ನಾಟಕ ಶುರು ಮಾಡಿಸಿದರು. ನಾಟಕ ಚೆನ್ನಾಗಿಯೇ ಆಯಿತು. ಬರುವಾಗ ಮುದುಕಿ ನನ್ನ ಚೀಲಕ್ಕೆ ಬದನೆಕಾಯಿ ಹಾಕಿದಳು.

ಈಗಲೂ ಹಾಲ್‌ಗೆ ಹೋಗುತ್ತೇನೆ. ಸೊಲ್ಲು ಕೊಡುತ್ತೇನೆ. ಬಬಲೇಶ್ವರದ ಹಾಡಿಗೆ ಮೊದಲ ಸಾಲು ಇನ್ನೂ ಇಲ್ಲ.