ಕಲಾಯಿ ಹಾಕಿಸಿದ ಟ್ರಂಪೆಟ್

ಅರಕಲಗೂಡಿನ ಮನೆಯ ಜಗುಲಿಯಲ್ಲಿ ಅಂದು ಇದ್ದವರು ಮೂವರು: ನಾನು, ನನ್ನನ್ನು ಸಾಕಿದ ಸೋದರತ್ತೆ, ಹೊಳೆನರಸೀಪುರದಿಂದ ಬಂದಿದ್ದ ಬ್ಯಾಂಡ್ ಮೇಷ್ಟ್ರು. ಚಾಪೆಯ ಮೇಲೆ ಎರಡು ಟ್ರಂಪೆಟ್. ಒಂದು ನಾನು ಕೊಂಡುತಂದ ಹೊಸದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಇನ್ನೊಂದು ಮೇಷ್ಟ್ರು ಮೂವತ್ತು ವರ್ಷ ಮದುವೆಗಳಲ್ಲಿ ಊದಿದ ಹಳೆಯದು. ಮೆರುಗೆಲ್ಲ ಸವೆದು ಬರೀ ಹಿತ್ತಾಳೆ ಉಳಿದಿತ್ತು.

ಹಾಸನದಲ್ಲಿ ನಾವು ಮೂವರು ಗೆಳೆಯರು ಭಾನುವಾರ ಸೇರಿ ಜಾಜ್ ನುಡಿಸಲು ಕಲಿಯುತ್ತಿದ್ದೆವು. ಆ ಸಂಗೀತದಲ್ಲಿ ಟ್ರಂಪೆಟ್ಟು ಬೀದಿಯ ಆ ತುದಿಗೆ ಕೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತವನ ಹತ್ತಿರ ಕಷ್ಟಸುಖ ಹೇಳಿಕೊಂಡ ಹಾಗಿದ್ದರೆ ಸಾಕು. ಹೊಸದರಲ್ಲಿ ಎಷ್ಟು ಮೆಲ್ಲಗೆ ಊದಿದರೂ ದನಿ ಚೂಪು. ಮೇಷ್ಟ್ರು ಹಳೆಯದರ ಅಗಲ ಬಾಯಿಗೆ ತೆಂಗಿನ ಚಿಪ್ಪು ಅಡ್ಡ ಹಿಡಿದು ಒಂದೇ ಒಂದು ಸ್ವರ ಎಳೆದರು. ನಾನು ಹುಡುಕುತ್ತಿದ್ದುದು ಅದನ್ನೇ.

"ಆಸಾಡ್ದಲ್ಲಿ ನಂಗೇನು ಮದ್ವೆ ಇಲ್ಲ ಸಾ," ಎಂದರು ಮೇಷ್ಟ್ರು. "ಒಂದ್ವಾರ ಮಡಿಕ್ಕಂಡು ಊದಿ. ಇಡಿಸ್ತಾ, ಅಳೇದು ನಿಮ್ಗೆ, ಒಸಾದು ನಂಗೆ. ಇಡಿಸ್ಲಿಲ್ವಾ, ನಂದು ನಂಗ್ ಕೊಟ್ಬುಡಿ."

ಅತ್ತೆ ಹಳೆಯದರ ಬಾಯೊಳಗೆ ಬೆರಳಾಡಿಸಿ ಮೂಸಿದರು.

"ಲೇ, ಇದು ಬರೀ ಇತ್ತಾಳೆ ಕಣ್ಲಾ. ಕಲಾಯೀನೇ ಇಲ್ಲ. ಕಿಲುಬು ಒಟ್ಟೆಗೋದ್ರೆ ಏನ್ಲಾ ಗತಿ?"

"ಇದ್ರಲ್ಲೇನು ಸಾರು ಕಾಯಿಸ್ತೀನಾ ಅತ್ತೆ?"

"ಬಾಯಿಗೆ ಇಕ್ಕಲ್ವಾ ಮತ್ತೆ? ಮೇಷ್ಟ್ರುನ್ನ ನೋಡು, ಎಂಗೆ ಸೊರಗವ್ರೆ!"

"ಅದು ಬೀಡಿಯಿಂದ ಕಣಮ್ಮಾ," ಎಂದು ಮೇಷ್ಟ್ರು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಒಳಗೆ ತವರ ಬಳಿಸದ ಹಿತ್ತಾಳೆಯಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಇಡದ ಹೆಂಗಸು ಅವರು.

ನಾಲ್ಕು ದಿನ ರಜೆ ಹಾಕಿ ಅಲ್ಲೇ ಊದಿದೆ. ನಾಲ್ಕನೆಯ ದಿನಕ್ಕೆ ಮನಸ್ಸು ಗಟ್ಟಿಯಾಯಿತು, ಹಳೆಯದೇ ನನಗೆ. ಐದನೆಯ ದಿನ ಕೆಲಸಕ್ಕೆಂದು ಹಾಸನಕ್ಕೆ ಹೋಗಿ ಸಂಜೆ ಮರಳಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಳಗೆ, ಹಪ್ಪಳ ಒಣಗಿಸುವ ಮೊರದಲ್ಲಿ ಹಳೆಯ ಟ್ರಂಪೆಟ್ ಬಿಡಿಬಿಡಿಯಾಗಿ ಹರಡಿಕೊಂಡಿತ್ತು. ಬಾಗಿದ ಕೊಳವೆ ಒಂದು ಕಡೆ, ನೆಟ್ಟನೆಯದು ಇನ್ನೊಂದು ಕಡೆ. ಅಗಲ ಬಾಯಿಯ ಒಳಗೆಲ್ಲ ಬೆಳ್ಳಗೆ, ಹಾಲು ಕಾಯಿಸುವ ಪಾತ್ರೆಯ ಹಾಗೆ.

ವರ್ಷಕ್ಕೊಮ್ಮೆಯೂ ಕಾಣದ ಕಲಾಯಿಯವನು ಅಂದೇ ಬೀದಿಗೆ ಬಂದಿದ್ದನಂತೆ.

"ಕೊಳಗ, ತಪ್ಪಲೆ ಎಲ್ಲಾ ಚೆನ್ನಾಗೇ ಬಂದ್ವು ಕಣ್ಲಾ. ಇದುನ್ನ ಕೆಂಡಕ್ಕಿಕ್ಕಿ ತವರ ಬಳಿದು ಎತ್ತುದ್ರೆ, ಕೈಕಾಲೆಲ್ಲ ಬಿಟ್ಬುಡ್ತು. ಅವ್ನೂ ಬೆದರ್ಬುಟ್ಟು ತಿದಿ ಎತ್ಕಂಡು ಓಗ್ಬುಟ್ಟ."

ಬೈಯಲು ಬೇಕಾದಷ್ಟು ಮಾತುಗಳನ್ನು ಅವರೇ ನನಗೆ ಕಲಿಸಿದ್ದರು, ಒಂದೂ ನೆನಪಾಗಲಿಲ್ಲ. ಕಾವಿಗೆ ಬೆಸುಗೆಗಳೆಲ್ಲ ಕರಗಿಹೋಗಿದ್ದವು. ಇನ್ನೂ ನನ್ನದಾಗಿರದ ವಸ್ತು ಅದು.

ಮರುದಿನ ಚೂರುಗಳನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಬೇಡವೆಂದರೂ ಅತ್ತೆ ಜೊತೆಗೆ ಬಂದರು. ಮೇಷ್ಟ್ರು ಚೀಲ ಬಿಚ್ಚಿ ಚೂರುಗಳನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟರು. ಅಗಲ ಬಾಯೊಳಗೆ ಬೆರಳಾಡಿಸಿ ತಲೆಯೆತ್ತಿ, "ಒಳಕ್ಕೂ ಬಳಿಸ್ಬುಟ್ರಾ ಅಮ್ಮಾ?" ಎಂದರು.

"ಒಳಕ್ಕೇ ತಾನೇ ಕಣಪ್ಪಾ ಬಳಿಸೋದು," ಎಂದರು ಅತ್ತೆ. "ನನ್ ಮಗ ಬಾಯಿಗಿಕ್ಕೋದು ಅಂತ..."

"ಮೂವತ್ತೊರ್ಸ ನಾನೂ ಇದುನ್ನ ಬಾಯಿಗಿಟ್ಟಿವ್ನಿ. ನಮ್ ಮನೇಲಿ ಒಬ್ರೂ ಇಂಗೆ ಕೇಳ್ಲಿಲ್ಲ ಕಣಮ್ಮಾ." ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

ಹದಿನೈದು ದಿನ ಕೂತು ಅವರೇ ಬೆಸೆದರು. ಮೂರು ಒತ್ತುಗುಂಡಿಗಳಲ್ಲಿ ಎರಡು ಒತ್ತಿದರೆ ಇಳಿದವು. ಮೂರನೆಯದು ಜಪ್ಪಯ್ಯ ಅಂದರೂ ಕೆಳಗಿಳಿಯಲಿಲ್ಲ. ಊದಿ ನೋಡಿದಾಗ ಅಚ್ಚರಿ. ದನಿ ಸತ್ತಿರಲಿಲ್ಲ, ಮೊದಲಿಗಿಂತ ಮೆತ್ತಗಾಗಿತ್ತು. ಮೆರವಣಿಗೆಯಲ್ಲಿ ಹತ್ತು ಮಾರಿನಾಚೆಗೆ ಕೇಳುವ ಹಾಗಿರಲಿಲ್ಲ.

"ಕಾದು ಇತ್ತಾಳೆ ಮೆತ್ಗಾಗೈತೆ ಸಾ. ಇನ್ ನನ್ ಕೆಲ್ಸಕ್ಕೆ ಬರಾಕಿಲ್ಲ, ನಿಮ್ಗೇಯ," ಎಂದು ನನ್ನ ಕೈಗಿಟ್ಟು, ನಾನು ಜೊತೆಗೆ ತಂದಿದ್ದ ಹೊಸದನ್ನು ಬಗಲಿಗೆ ಹಾಕಿಕೊಂಡರು.

ಶ್ರಾವಣದ ಒಂದು ಭಾನುವಾರ ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಅವರು ಹೊಸದನ್ನು ಊದಿದರು. ಅದೇ ದಿನ ಹಾಸನದಲ್ಲಿ ನಾನು ಎರಡೇ ಗುಂಡಿಯಲ್ಲಿ ಜಾಜ್ ನುಡಿಸಿದೆ. ಮೂರನೆಯ ಗುಂಡಿ ಬೇಕಾದ ಕಡೆ ಸುಮ್ಮನಾಗುತ್ತಿದ್ದೆ. ಎರಡನೆಯ ಹಾಡಿನಿಂದ ಆ ಸ್ವರಗಳನ್ನು ಕೀಬೋರ್ಡಿನ ಗೆಳೆಯ ತಾನಾಗಿಯೇ ತುಂಬತೊಡಗಿದ.