ಕ್ಲಿಫ್ ಹೆಪ್ವರ್ತನ ಮಧ್ಯಂತರದ ಸುತ್ತು

ಇಂಗ್ಲೆಂಡಿನ ಫುಟ್‌ಬಾಲ್ ಏಣಿಯಲ್ಲಿ ಆಕಲ್‌ಬಿ ಟೌನ್ ತಂಡ ಎಷ್ಟನೇ ಮೆಟ್ಟಿಲಿನಲ್ಲಿದೆ ಎಂದು ಕೇಳಿದರೆ ಊರಿನವರು ಹವಾಮಾನದ ಮಾತು ತೆಗೆಯುತ್ತಾರೆ. ಏಣಿ ನೆಲಕ್ಕೆ ತಾಗುವ ಜಾಗ ಎಂದುಕೊಂಡರೆ ಸಾಕು. ಆಟಗಾರರಿಗೆಲ್ಲ ಹಗಲು ಬೇರೆ ಕಸುಬು ಇರುವುದರಿಂದ ಮಂಗಳವಾರದ ಪಂದ್ಯ ಸಂಜೆ ಏಳೂಮುಕ್ಕಾಲಿಗೆ, ದೀಪದ ಬೆಳಕಿನಲ್ಲಿ.

ಈ ಮೈದಾನಕ್ಕೆ ಕ್ಲಿಫರ್ಡ್ ಹೆಪ್ವರ್ತ್ ಐವತ್ತೆಂಟು ವರ್ಷಗಳಿಂದ ಬರುತ್ತಿದ್ದಾನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಎಣ್ಣೆ ಮೆತ್ತಿದ ಕೈಯಲ್ಲೇ ಬರುತ್ತಿದ್ದ. ಮದುವೆಗೆ ದಿನ ನೋಡುವಾಗ ಮೊದಲು ಪಂದ್ಯಗಳ ಪಟ್ಟಿ ನೋಡಿದ್ದ. ಆ ವಿಷಯ ಹೆಂಡತಿ ಎಡ್ನಾಗೆ ಗೊತ್ತಾದದ್ದು ಹನ್ನೆರಡು ವರ್ಷದ ಮೇಲೆ. ಅಷ್ಟರಲ್ಲಿ ಅವಳಿಗೂ ಅಭ್ಯಾಸವಾಗಿತ್ತು.

ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ಕೂತು ಪಂದ್ಯ ನೋಡಿಲ್ಲ. ಇಂಥ ಸಣ್ಣ ಮೈದಾನಗಳಲ್ಲಿ ಎರಡೂರಿನವರನ್ನು ಬೇರೆ ಮಾಡುವ ಬೇಲಿ ಇರುವುದಿಲ್ಲ. ತಮ್ಮ ತಂಡ ಯಾವ ಗೋಲಿನತ್ತ ನುಗ್ಗುತ್ತದೋ ಅದರ ಹಿಂದೆ ಅಭಿಮಾನಿಗಳು ನಿಲ್ಲುತ್ತಾರೆ. ಮಧ್ಯಂತರದಲ್ಲಿ ತಂಡಗಳು ಬದಿ ಬದಲಿಸಿದಾಗ ಅವರೂ ಮೈದಾನ ಸುತ್ತಿ ಇನ್ನೊಂದು ತುದಿಗೆ ಹೊರಡುತ್ತಾರೆ. ಎದುರು ಊರಿನವರು ಅಡ್ಡ ಸಿಗುತ್ತಾರೆ, ಒಂದೆರಡು ಬೈಗುಳ ವಿನಿಮಯವಾಗುತ್ತದೆ, ಯಾರದೋ ಮೊಣಕಾಲು ಹೇಗಿದೆ ಎಂದೂ ವಿಚಾರಿಸುತ್ತಾರೆ. ದಾರಿಯ ಟೀ ಅಂಗಡಿಯಲ್ಲಿ ಬಿಸಿ ಪೈ, ಅಂದರೆ ಮಾಂಸ ತುಂಬಿದ ಕಡುಬು, ಖಾಲಿಯಾಗುವ ಮೊದಲು ಕೊಳ್ಳುವುದೂ ಈ ಸುತ್ತಿನಲ್ಲೇ.

ನಡೆಯಲಾಗದವರಿಗೆ ನಡುವೆ ಚಾವಣಿಯ ಕೆಳಗೆ ಕುರ್ಚಿಗಳಿವೆ. ಅಲ್ಲಿ ಮಂಡಿಗೆ ಕಂಬಳಿ ಹೊದ್ದವರು, ಮೊದಲರ್ಧದಲ್ಲೇ ತೂಕಡಿಸುವವರು. ಕ್ಲಿಫ್ ಅದನ್ನು ಕರೆಯುವುದು ‘ಗೋದಾಮು’ ಎಂದು. ಹೋದ ವರ್ಷ ಕ್ಲಬ್ಬಿನವರು ಗೌರವಪೂರ್ವಕವಾಗಿ ಅಲ್ಲೊಂದು ಕುರ್ಚಿಗೆ ಅವನ ಹೆಸರು ಬರೆಸಿದರು. ಕ್ಲಿಫ್ ಧನ್ಯವಾದ ಹೇಳಿ, ಅದರ ಮೇಲೆ ಒಮ್ಮೆಯೂ ಕೂರದೆ ದಿನ ತಳ್ಳುತ್ತಿದ್ದ.

ಆದರೆ ನಾಲ್ಕು ತಿಂಗಳಿಂದ ಸೊಂಟ ಮಾತು ಕೇಳುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗೋದಾಮೇ ಗತಿ. ಆದ್ದರಿಂದ ಮಧ್ಯಂತರಕ್ಕೆ ಐದು ನಿಮಿಷ ಇರುವಾಗಲೇ “ನಾನು ಜಾಗ ಹಿಡೀತೀನಿ” ಎಂದು ಹೊರಟುಬಿಡುತ್ತಿದ್ದ. ಇನ್ನೂರು ಜನ ನಿಲ್ಲಬಹುದಾದ ಕಡೆ ಇಪ್ಪತ್ತು ಜನಕ್ಕೆ ಜಾಗ ಹಿಡಿಯುವುದೇಕೆಂದು ಯಾರೂ ಕೇಳಿರಲಿಲ್ಲ.

ಈ ಮಂಗಳವಾರ ರಾಡ್‌ವಿಕ್ ತಂಡ ಬಂದಿತ್ತು. ಕ್ಲಿಫ್ ಮತ್ತು ಸಂಗಡಿಗರು ಎಂದಿನಂತೆ ಕಾಲುವೆ ಕಡೆಯ ಗೋಲಿನ ಹಿಂದೆ ನಿಂತಿದ್ದರು. ಟಾಸ್ ಗೆದ್ದ ರಾಡ್‌ವಿಕ್ ನಾಯಕ ಬದಿ ತಿರುಗಿಸಿಬಿಟ್ಟ; ಆಕಲ್‌ಬಿ ಈಗ ರಸ್ತೆ ಕಡೆಯ ಗೋಲಿನತ್ತ ನುಗ್ಗಬೇಕು.

“ಹಾಳಾದೋನು!” ಎಂದ ಗ್ರೆನ್‌ವಿಲ್, ನಿವೃತ್ತ ಪೋಸ್ಟ್‌ಮ್ಯಾನ್, ಕ್ಲಿಫ್‌ನ ನಲವತ್ತು ವರ್ಷದ ಗೆಳೆಯ. “ನಡೀರಪ್ಪಾ, ರಸ್ತೆ ಕಡೆಗೆ. ಟಾಸ್ ಸೋಲೋಕೂ ಒಬ್ಬ ನಾಯಕ ಬೇಕಾ? ನಮ್ಮನೆ ನಾಯಿ ಸಾಕಿತ್ತು.”

ಪಂದ್ಯ ಶುರುವಾಗುವ ಮೊದಲೇ ಒಂದು ಸುತ್ತು. ದಾರಿ ಗೋದಾಮಿನ ಮುಂದೆಯೇ ಹೋಗುತ್ತದೆ. ಕ್ಲಿಫ್ ಅಲ್ಲಿ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಶಿಳ್ಳೆ ಹಾಕುತ್ತ ನಡೆದ. ದಾಟಿದ ಮೇಲೆ ಕಂಬಿ ಹಿಡಿದು ನಿಂತು, ದೀಪದ ಕಂಬವನ್ನು ಪರೀಕ್ಷಿಸುವವನಂತೆ ಮೇಲೆ ನೋಡಿದ. ರಸ್ತೆ ಕಡೆ ತಲುಪುವಷ್ಟರಲ್ಲಿ ಸೊಂಟ ಆ ದಿನದ ಲೆಕ್ಕ ಮುಗಿಸಿತ್ತು.

ಆಕಲ್‌ಬಿ ಅಪರೂಪಕ್ಕೆ ಒಂದು ಗೋಲು ಹೊಡೆಯಿತು. ಮಧ್ಯಂತರದ ಸೀಟಿ ಊದಿದರೂ ಕ್ಲಿಫ್ ಅಲುಗಲಿಲ್ಲ.

“ಬಾರಯ್ಯ,” ಎಂದ ಗ್ರೆನ್‌ವಿಲ್.

“ನೀವು ನಡೀರಿ. ಕಕ್ಕಸಿಗೆ ಹೋಗಿ ಬರ್ತೀನಿ.”

ಗ್ರೆನ್‌ವಿಲ್ ಅವನ ಮುಖವನ್ನೊಮ್ಮೆ ನೋಡಿ, ಉಳಿದವರನ್ನು ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ರಾಡ್‌ವಿಕ್‌ನ ಐದು ಜನ ಒಂದು ಡೋಲು ಸಮೇತ ಬಂದು ಕ್ಲಿಫ್‌ನ ಪಕ್ಕ ನಿಂತರು. ಎದುರಿಗೆ ಗೋಲು ಕಾಯಲು ಬಂದವನು ಆಕಲ್‌ಬಿಯ ಡಾರಿಲ್, ಹಗಲು ನಲ್ಲಿ ರಿಪೇರಿ ಮಾಡುವವನು.

“ಕ್ಲಿಫಣ್ಣ? ದಾರಿ ತಪ್ತಾ?”

“ಆಟ ನೋಡೋ ನೀನು!”

ಡೋಲಿನವನು ಶುರು ಮಾಡಿದ. “ಏ ನಲ್ಲಿ ರಿಪೇರಿ! ಜನರ ಮನೇಲೂ ಹೀಗೇ ಸೋರತ್ತಾ?”

“ನಿಮ್ಮಮ್ಮನ್ನ ಕೇಳು, ಹೋದ ವಾರ ಬಾತ್‌ರೂಮ್ ಮಾಡ್ಕೊಟ್ಟೆ,” ಎಂದ ಡಾರಿಲ್ ತಿರುಗದೆ.

ಕ್ಲಿಫ್‌ಗೆ ಆಗ ಹೊಳೆಯಿತು. ಡಾರಿಲ್ ಹನ್ನೊಂದು ವರ್ಷದಿಂದ ಗೋಲು ಕಾಯುತ್ತಿದ್ದಾನೆ. ಊರಿನವರೆಲ್ಲ ಯಾವಾಗಲೂ ಆಚೆ ತುದಿಯಲ್ಲಿ. ಅವನ ಬೆನ್ನ ಹಿಂದೆ ನಿಂತು ಕೂಗಿದವರೆಲ್ಲ ಪರ ಊರಿನವರೇ. ಅವನು ತಡೆದ ಚೆಂಡು ಅಲ್ಲಿಂದ ಯಾರಿಗೂ ಕಂಡಿಲ್ಲ, ಬಿಟ್ಟದ್ದು ಮಾತ್ರ ಅಷ್ಟು ದೂರದಿಂದಲೂ ಚೆನ್ನಾಗಿ ಕಂಡಿದೆ. ‘ಆ ಡಾರಿಲ್ ಕೈಗೆ ಬೆಣ್ಣೆ ಹಚ್ಕೊಂಡಿದಾನೆ’ ಎಂದು ಕ್ಲಬ್ಬಿನ ಬಾರಿನಲ್ಲಿ ಮೊದಲು ಹೇಳಿದವನು ಕ್ಲಿಫ್‌ನೇ. ಎಲ್ಲರೂ ನಕ್ಕಿದ್ದರಿಂದ ಮತ್ತೆ ಮತ್ತೆ ಹೇಳುತ್ತ ಬಂದಿದ್ದ.

ಕೊನೆಯ ಹತ್ತು ನಿಮಿಷದಲ್ಲಿ ರಾಡ್‌ವಿಕ್‌ನ ಉದ್ದ ಕಾಲಿನವನೊಬ್ಬ ಎಲ್ಲರನ್ನೂ ದಾಟಿ ನುಗ್ಗಿದ. ಡಾರಿಲ್ ಮುಂದಕ್ಕೆ ಬಿದ್ದ. ಚೆಂಡು ಅವನ ದವಡೆಗೆ ಬಡಿದ ಸದ್ದು ಕ್ಲಿಫ್‌ಗೆ ಕೇಳಿಸಿತು. ಚೆಂಡು ಕಂಬ ಸವರಿ ಆಚೆ ಹೋಯಿತು. ಡೋಲು ನಿಂತಿತು. ಚಪ್ಪಾಳೆ ಹೊಡೆದವನು ಕ್ಲಿಫ್ ಒಬ್ಬನೇ. ಡಾರಿಲ್ ಬಾಯಿಂದ ಮಣ್ಣು ಉಗುಳಿ, ಚಪ್ಪಾಳೆ ಬಂದ ಕಡೆ ತಿರುಗಿ ನೋಡಿದ.

ಒಂದು–ಸೊನ್ನೆಯಿಂದ ಆಕಲ್‌ಬಿ ಗೆದ್ದು ಆಟ ಮುಗಿಯಿತು. ಗ್ರೆನ್‌ವಿಲ್ ಪೂರ್ತಿ ಸುತ್ತು ಹಾಕಿಕೊಂಡು ಬಂದ.

“ಎಲ್ಲಿ ಸತ್ತಿದ್ಯೋ? ಕಕ್ಕಸಲ್ಲಿ ನಲವತ್ತೈದು ನಿಮಿಷ ಏನ್ ಮಾಡ್ದೆ?”

ಡಾರಿಲ್‌ಗೆ ಜೊತೆಯಾಗಲು ನಿಂತೆ ಎಂಬ ಉತ್ತರ ಕ್ಲಿಫ್‌ನ ನಾಲಿಗೆ ತುದಿಯಲ್ಲಿತ್ತು. ಆದರೆ ದವಡೆ ಊದಿಸಿಕೊಂಡ ಡಾರಿಲ್ ಅಲ್ಲೇ ಕೈಗವಸು ಬಿಚ್ಚುತ್ತ ನಿಂತಿದ್ದ. ಅವನೆದುರು ಸುಳ್ಳು ಬರಲಿಲ್ಲ.

“ಸೊಂಟ ಕೈಕೊಟ್ಟಿದೆ ಕಣೋ. ಎರಡನೇ ಸುತ್ತು ಆಗಲ್ಲ.” ಯಾರೂ ಬಾಯಿ ತೆರೆಯುವ ಮೊದಲೇ ಸೇರಿಸಿದ, “ಕುರ್ಚಿ ಮಾತು ಎತ್ತಬೇಡ. ಇನ್ಮೇಲೆ ಮೊದಲರ್ಧ ನಿಮ್ ಜೊತೆ. ಆಮೇಲೆ ಅಲ್ಲೇ ಇರ್ತೀನಿ, ಇವನ ಹಿಂದೆ.”

“ನನ್ನೊಂದು ಮಾತು ಕೇಳಲ್ವಾ?” ಎಂದ ಡಾರಿಲ್. “ಬನ್ನಿ ಕ್ಲಿಫಣ್ಣ, ಬೇಡ ಅನ್ನಲ್ಲ. ಆದ್ರೆ ‘ಎಡಗಡೆ ನೋಡು, ಎಡಗಡೆ ನೋಡು’ ಅಂತ ಇವತ್ತು ಮೂವತ್ತು ಸಲ ಕೂಗಿದ್ರಿ. ರಾಡ್‌ವಿಕ್‌ನೋರೇ ವಾಸಿ. ಬರೀ ಬೈತಾರೆ, ಬುದ್ಧಿ ಹೇಳಲ್ಲ.”

ಇಪ್ಪತ್ತಕ್ಕೆ ಇಳಿಸುತ್ತೇನೆ ಎಂದು ಕ್ಲಿಫ್ ಮಾತು ಕೊಟ್ಟ. ಗ್ರೆನ್‌ವಿಲ್‌ನ ಸಿಟ್ಟು ಮಾತ್ರ ಇಳಿದಿರಲಿಲ್ಲ.

“ಅಲ್ಲಯ್ಯಾ, ಇದನ್ನ ಮೊದಲೇ ಬೊಗಳೋಕಾಗ್ಲಿಲ್ವಾ? ನೀನು ಕುಂಟೋದು ಕಾಣದಷ್ಟು ಕುರುಡರಾ ನಾವು? ನಿನ್ನ ದಾಟಿದ್ರೆ ಬೇಜಾರಾಗ್ತೀಯ ಅಂತ ಇಡೀ ಗುಂಪು ಆಮೆ ಥರ ಹಿಂದೆ ಬರ್ತಿದ್ವಿ. ಟೀ ಅಂಗಡಿ ತಲುಪೋ ಹೊತ್ತಿಗೆ ಎಲ್ಲಾ ಖಾಲಿ. ನಾಲ್ಕು ತಿಂಗಳಿಂದ ನಾನು ಒಂದು ಬಿಸಿ ಪೈ ಕಂಡಿಲ್ಲ!”