ಬಂದೂಕಿನ ಕಟ್ಟಿಗೆಗೆ ಯಾವ ಎಣ್ಣೆ?

ಎಣ್ಣೆ ಮಾರುವವನಿಗೆ ಎಣ್ಣೆಯ ಬಗ್ಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಈ ನಂಬಿಕೆಯ ಮೇಲೆಯೇ ನಾನು ಗೋಕಾಕದ ಪೇಟೆಯಲ್ಲಿ ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ. ಮೊಣಕಾಲು ನೋವಿಗೆ ಯಾವುದು, ಕೂದಲು ಉದುರಿದರೆ ಯಾವುದು, ಕಿರುಗುಟ್ಟುವ ಬಾಗಿಲಿಗೆ ಯಾವುದು ಎಂದು ಕೇಳುತ್ತಾರೆ. ನಾನು ಸೂರಿನತ್ತ ನೋಡಿ, ಗದ್ದ ಕೆರೆದುಕೊಂಡು, ಅಂಗಡಿಯಲ್ಲಿ ಯಾವುದು ಹೆಚ್ಚು ಉಳಿದಿದೆಯೋ ಅದರ ಹೆಸರು ಹೇಳುತ್ತೇನೆ. ಅವರು ತಲೆಯಾಡಿಸಿ ಒಯ್ಯುತ್ತಾರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇಷ್ಟು ಮರ್ಯಾದೆ ಬೇರೆ ಯಾವ ದಂಧೆಯಲ್ಲಿ ಸಿಗುತ್ತದೆ, ನೀವೇ ಹೇಳಿ.

ಆದರೆ ಈ ಮುಂಗಾರಿನಲ್ಲಿ ಗದ್ದ ಕೆರೆದುಕೊಂಡರೆ ಸಾಲದ ಒಂದು ಪ್ರಶ್ನೆ ಬಂತು. ಕೇಳಿದವಳು ನನ್ನ ಒಡಹುಟ್ಟಿದ ಅಕ್ಕ.

ಅಕ್ಕ ಗಂಗವ್ವ ಮೂಡಲಗಿಯ ಆಚೆ ಒಂದು ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾಳೆ. ಭಾವ ತೀರಿಕೊಂಡ ಮೇಲೆ, ಬೆಳೆ ಕಾಯಲು ಇಟ್ಟಿದ್ದ ಒಂಟಿ ನಳಿಕೆಯ ಬಂದೂಕಿನ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. "ಹೆಣ್ಣಮಗಳು, ನಿನಗ್ಯಾಕಬೇ ಬಂದೂಕ?" ಎಂದು ಯಾರೋ ಕೇಳಿದರೆ, "ಹಂದಿಗೋಳು ಗಂಡಸರದ್ದ ಹೊಲಾ ನೋಡಿ ಬರತಾವೇನ್ರಿ?" ಎಂದಳಂತೆ. ಅವಳು ಯಾವ ಪ್ರಾಣಿಯನ್ನೂ ಕೊಂದವಳಲ್ಲ. ಆಕಾಶಕ್ಕೆ ಒಂದು ಈಡು ಹಾರಿಸುತ್ತಾಳೆ, ಕಬ್ಬಿನೊಳಗಿಂದ ಎದ್ದು ಬಂದ ಹಂದಿಗಳು ನಾವು ಗೊಂಜಾಳ ಅನ್ನುವ ಗೋವಿನಜೋಳ ಬಿಟ್ಟು ಹಳ್ಳ ದಾಟುತ್ತವೆ. ಇಷ್ಟೇ ಆ ಬಂದೂಕಿನ ಕೆಲಸ.

ಈ ಸಲದ ಮಳೆಗೆ ಹೊಲದ ಮನೆಯ ಗೋಡೆ ಸೋರಿ, ಮೂಲೆಯಲ್ಲಿ ಆನಿಸಿಟ್ಟಿದ್ದ ಬಂದೂಕಿನ ಕಟ್ಟಿಗೆಗೆ ಬೂಸಲು ಹಿಡಿಯಿತು. ಕಟ್ಟಿಗೆ ಅಂದರೆ ಹೆಗಲಿಗೆ ಆನಿಸಿಕೊಳ್ಳುವ ಭಾಗ. ಬಿಸಿಲಿಗಿಟ್ಟರೆ ಸೀಳುತ್ತದೆ, ಹಾಗೇ ಬಿಟ್ಟರೆ ಕೊಳೆಯುತ್ತದೆ. ಅಕ್ಕ ಅದನ್ನಷ್ಟೇ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿಗೆ ಗೋಕಾಕಕ್ಕೆ ಬಂದು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

"ತಮ್ಮಾ, ಎಣ್ಣಿ ಮಾರಾಂವ ನೀ. ಇದಕ್ಕ ಯಾವ ಎಣ್ಣಿ ಹಚ್ಚಬೇಕ ಹಚ್ಚಿ ಕೊಡು. ಗೊಂಜಾಳ ಹಾಲಗಾಳ ಆಗೂದರಾಗ ಬೇಕ ನನಗ."

"ಅಷ್ಟs ಏನಕ್ಕಾ? ಇಟ್ಟ ಹೋಗು," ಅಂದೆ. ನನ್ನ ದನಿಯಲ್ಲಿದ್ದ ಗತ್ತು ಈಗ ನೆನಪಾದರೆ ನನಗೆ ನಾನೇ ಒದ್ದುಕೊಳ್ಳಬೇಕೆನಿಸುತ್ತದೆ.

ಇನ್ನು ನಮ್ಮ ಸೀಮೆಯ ಎಣ್ಣೆ ಪಂಡಿತರ ವಿಚಾರಕ್ಕೆ ಬರುತ್ತೇನೆ. ಮೊದಲು ಕಂಡದ್ದು ನಮ್ಮ ಓಣಿಯ ಫರ್ನಿಚರ್ ಪಾಲಿಶಿನವನನ್ನು. ಅವನು ಕಟ್ಟಿಗೆಯನ್ನು ತಿರುವಿ ನೋಡಿ ಕನಿಕರದಿಂದ ನಕ್ಕ. "ಎಣ್ಣಿ ಯಾವ ಕಾಲದ್ದರಿ ಕಾಕಾ? ನನ್ನ ಪಾಲಿಶ್ ಹೊಡಸ್ರಿ, ನಿಮ್ಮ ಮಾರಿ ಕಾಣತೈತಿ ಅದರಾಗ." ಈಗಿನವರಿಗೆ ಎಲ್ಲದರಲ್ಲೂ ತಮ್ಮ ಮುಖ ಕಾಣಬೇಕು. ಬಾಗಿಲಲ್ಲಿ ಕಾಣಬೇಕು, ನೆಲದಲ್ಲಿ ಕಾಣಬೇಕು, ಮಾಡಿಸಿದ ಮಂಚದಲ್ಲಿ ಕಾಣಬೇಕು. ಕಂಡ ಮುಖವಾದರೂ ಒಮ್ಮೆ ನೋಡುವಂತಿದೆಯೇ ಎಂದರೆ ಅದೂ ಇಲ್ಲ. ಬಂದೂಕಿನ ಕಟ್ಟಿಗೆ ಗಾಜಿನಂತೆ ಹೊಳೆದರೆ ಬೆವರಿದ ಹೆಗಲಿನಿಂದ ಜಾರುತ್ತದೆ. ಒಂದು ಗೀರು ಬಿದ್ದರೆ ಆ ಹೊಳಪು ಸುಲಿದ ಈರುಳ್ಳಿ ಸಿಪ್ಪೆಯಾಗಿ ಏಳುತ್ತದೆ, ಅದರ ಸಂದಿಗೆ ನೀರು ಹೊಕ್ಕು ಒಳಗೇ ಕೊಳೆಸುತ್ತದೆ. ಇಷ್ಟನ್ನೂ ಅವನಿಗೆ ಹೇಳಿದೆ. "ಹೊಳಪ ಬ್ಯಾಡಂದ್ರ ಪಾಲಿಶ್ ಯಾಕ ಬೇಕ್ರಿ?" ಅಂದ. ಅವನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ.

ಹುಕ್ಕೇರಿ ಸಂತೆಗೆ ನಾನು ತಿಂಗಳಿಗೊಮ್ಮೆ ಎಣ್ಣೆಕಾಳು ನೋಡಲು ಹೋಗುತ್ತೇನೆ. ಅಲ್ಲಿ ಪಲಟನ್ನಿನಿಂದ ನಿವೃತ್ತಿಯಾದ ಒಬ್ಬ ಸುಭೇದಾರರಿದ್ದಾರೆ. ಬಂದೂಕು ಎಂಬ ಮಾತು ಅವರ ಕಿವಿಗೆ ಬಿದ್ದರೆ ಸಾಕು, ಎದುರಿಗಿದ್ದವನ ಚಹಾ ಆರುತ್ತದೆ. ನನಗೆ ಎರಡು ಸಲ ಆರಿತು. ಅವರು ಹಿಮ, ಹಳ್ಳ, ಒಬ್ಬ ಮೂಗಿಲ್ಲದ ಹವಾಲ್ದಾರ ಎಲ್ಲವನ್ನೂ ದಾಟಿ ಕೊನೆಗೆ ಎಣ್ಣೆಗೆ ಬಂದರು.

"ಅಗಸಿ ಎಣ್ಣಿ. ಆದ್ರ ಪಲಟನ್ನಿನಾಗಿಂದ ಬೇಕ."

"ಅಗಸಿ ಎಣ್ಣಿ ನನ್ನ ಅಂಗಡ್ಯಾಗs ಐತ್ರಿ ಸಾಹೇಬ್ರ."

"ಅದು ರೊಟ್ಟಿಗಿ ಹಾಕ್ಕೊಳ್ಳಾಕ. ಬಂದೂಕಕ್ಕ ಬ್ಯಾರೆ."

ಎರಡೂ ಅದೇ ಅಗಸೆ, ಅದೇ ಹೊಲ, ಅದೇ ನೀಲಿ ಹೂವು. ಒಂದಕ್ಕೆ ಸಮವಸ್ತ್ರ ತೊಡಿಸಿದರೆ ಎಣ್ಣೆಯ ಗುಣ ಬೇರೆಯಾಗುತ್ತದೆ ಎಂದು ನಂಬುವ ಮನುಷ್ಯನಿಗೆ ಏನು ಹೇಳುವುದು? ಆದರೂ ನಾನು ಕೈಮುಗಿದು, ಅವರು ಹೇಳಿದ್ದನ್ನೆಲ್ಲ ಕೇಳಿ, ಸಂಜೆಯ ಬಸ್ಸಿಗೆ ಬಂದೆ. ಆ ದಿನ ಬಹಳ ಕೆಲಸ ಮಾಡಿದ ಹಾಗೆ ಅನಿಸಿತ್ತು.

ಆಮೇಲೆ ಮೊಬೈಲು. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಕೈಗವಸು ತೊಟ್ಟು, ಅಕ್ರೋಟದ ಎಣ್ಣೆಯ ಒಂದು ಹನಿಯನ್ನು ಕಟ್ಟಿಗೆಯ ಮೇಲೆ ಬಿಟ್ಟು, ತೊಟ್ಟಿಲ ಕೂಸನ್ನು ನೋಡುವಂತೆ ನೋಡುತ್ತಾನೆ. ಅವನು ಉಜ್ಜುತ್ತಾನೆ, ನಾನು ನೋಡುತ್ತೇನೆ. ಅವನ ವಿಡಿಯೊ ಮುಗಿಯುವಷ್ಟರಲ್ಲಿ ನಮ್ಮ ಕಡೆ ಒಂದು ಲಗ್ನವಾಗಿ ಊಟವೂ ಮುಗಿಯುತ್ತದೆ. ಅಕ್ರೋಟದ ಎಣ್ಣೆ ಎಲ್ಲಿ ಸಿಗುತ್ತದೆ ಎಂದು ಮೂರು ಊರು ವಿಚಾರಿಸಿದೆ. ಘಟಪ್ರಭಾದ ಔಷಧಿ ಅಂಗಡಿಯವನು, "ಯಾರಿಗಿ ಏನಾಗೇತ್ರಿ?" ಎಂದು ಗಾಬರಿಯಿಂದ ಕೇಳಿದ.

ಈ ನಡುವೆ ಅಕ್ಕನ ಫೋನು ಬರುತ್ತಲೇ ಇತ್ತು.

"ಏನಾತೋ ಕಟಗೀದು?"

"ಒಣಗಾಕತ್ತೇತಿ ಅಕ್ಕಾ."

"ಮಳ್ಯಾಗ ತೊಯ್ದ ಎಮ್ಮಿನೂ ಇಷ್ಟೊತ್ತಿಗಿ ಒಣಗತಿತ್ತಲ್ಲೋ! ಹಂದಿ ಹಳ್ಳದ ದಂಡಿಗಿ ಬಂದ ನಿಂತಾವ. ನನ್ನ ಕಡೆ ಬರೇ ಕಬ್ಬಣದ ಕೊಳವಿ ಐತಿ. ಅದನ್ನ ಹಿಡಕೊಂಡ ಒಲಿ ಊದಲೇನ?"

ನಾನು ನಕ್ಕೆ. ಅವಳು ನಗಲಿಲ್ಲ. ಕಟ್ಟಿಗೆ ಒಣಗುತ್ತಿರಲಿಲ್ಲ, ಏಕೆಂದರೆ ಅದಕ್ಕೆ ನಾನು ಇನ್ನೂ ಏನನ್ನೂ ಹಚ್ಚಿರಲಿಲ್ಲ. ಗೋಣಿಚೀಲಗಳ ಹಿಂದೆ ಅದೇ ಸೀರೆಯಲ್ಲಿ ಸುತ್ತಿಕೊಂಡು ಅದು ಮಲಗಿತ್ತು.

ಈಗ ನಿಮಗಷ್ಟೇ ಒಂದು ಮಾತು ಹೇಳುತ್ತೇನೆ. ಯಾವ ಎಣ್ಣೆ ಎಂಬುದು ನನಗೆ ಮೊದಲ ದಿನವೇ ಗೊತ್ತಿತ್ತು. ಎಣ್ಣೆ ಅಂಗಡಿಯಲ್ಲಿ ಕೂತವನಿಗೆ ಕಣ್ಣಿದ್ದರೆ ಸಾಕು. ಶೇಂಗಾ ಎಣ್ಣೆಯ ಡಬ್ಬಿಯ ಮುಚ್ಚಳ ಯಾವಾಗ ಮುಟ್ಟಿದರೂ ಜಿಡ್ಡು. ವರ್ಷ ಬಿಟ್ಟು ಮುಟ್ಟಿದರೂ ಜಿಡ್ಡೇ, ಮೇಲೆ ಕಮಟು ವಾಸನೆ ಬೇರೆ. ಅದನ್ನು ಕಟ್ಟಿಗೆಗೆ ಹಚ್ಚಿದರೆ ಇರುವೆ, ಇಲಿ, ಧೂಳಿಗೆ ಜಾತ್ರೆ. ಕೊಬ್ಬರಿ ಎಣ್ಣೆಯದೂ ಹೆಚ್ಚುಕಡಿಮೆ ಅದೇ ಕತೆ. ಆದರೆ ಅಗಸೆ ಎಣ್ಣೆಯ ಡಬ್ಬಿಯ ಬಾಯಿಗೆ ಸೋರಿದ ಹನಿ ಗಾಳಿಗೆ ತಾನಾಗಿ ಗಟ್ಟಿಯಾಗುತ್ತದೆ. ಮುಚ್ಚಳ ಅಂಟಿಕೊಂಡು ಕೂರುತ್ತದೆ, ಚಾಕು ಹಾಕಿ ಎಬ್ಬಿಸಬೇಕು. ಎಬ್ಬಿಸಿದರೆ ಹಳದಿ ಬಣ್ಣದ ತೆಳು ಪೊರೆ ಬರುತ್ತದೆ, ನೀರು ಹಾಕಿದರೂ ಕರಗುವುದಿಲ್ಲ. ಕಟ್ಟಿಗೆಗೆ ಬೇಕಾದದ್ದು ಅದೇ ಪೊರೆ. ಸ್ವಲ್ಪವೇ ಹಚ್ಚಬೇಕು, ಅಂಗೈ ಬಿಸಿಯಾಗುವವರೆಗೆ ತಿಕ್ಕಬೇಕು, ಉಳಿದದ್ದನ್ನು ಒರೆಸಿ ತೆಗೆಯಬೇಕು, ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಇದರಲ್ಲಿ ಗುಟ್ಟೇನೂ ಇಲ್ಲ.

ಹಾಗಾದರೆ ನಾನು ಊರೂರು ತಿರುಗಿದ್ದೇಕೆ? ಕಟ್ಟಿಗೆ ಸಿದ್ಧವಾದರೆ ಅದನ್ನು ಒಯ್ದು ಕೊಡಬೇಕು. ಒಯ್ದು ಕೊಟ್ಟರೆ ಅಕ್ಕ, "ಬಂದೀ ಅಂದಮ್ಯಾಲ ನಾಕ ದಿನಾ ಹೊಲಾ ಕಾಯಾಕ ನಿಂದರು" ಅನ್ನುತ್ತಾಳೆ. ಭಾವ ಹೋದಾಗಿನಿಂದ ಪ್ರತಿ ಮುಂಗಾರಿಗೂ ಅಂದಿದ್ದಾಳೆ. ಪ್ರತಿ ಸಲವೂ ನನಗೆ ಅಂಗಡಿ ಇತ್ತು, ಲಗ್ನವಿತ್ತು, ಸೊಂಟ ನೋವಿತ್ತು. ಈ ಸಲ ಇದಕ್ಕಿಂತ ಸೊಗಸಾದ ನೆಪ ಅವಳೇ ಸೀರೆಯಲ್ಲಿ ಸುತ್ತಿ ತಂದುಕೊಟ್ಟಿದ್ದಳು. ಕಟ್ಟಿಗೆ ನನ್ನಲ್ಲಿ ಇರುವ ತನಕ ನಾನು ಅಕ್ಕನ ಕೆಲಸದಲ್ಲಿಯೇ ಇದ್ದೆ. ಪಾಲಿಶಿನವನನ್ನು ಬೈದೆ, ಸುಭೇದಾರರನ್ನು ಆಡಿಕೊಂಡೆ, ಗಡ್ಡದವನನ್ನು ನೋಡಿ ನಕ್ಕೆ. ಅವರೆಲ್ಲರಿಗೂ ಗೊತ್ತಿರುವುದು ತಪ್ಪೋ ಸರಿಯೋ, ಕಟ್ಟಿಗೆ ಕೈಗೆ ಬಂದಿದ್ದರೆ ಹಚ್ಚಿ ಕೊಡುತ್ತಿದ್ದರು. ಬೈಗುಳಕ್ಕೆ ತಕ್ಕವನು ಗಲ್ಲಾಪೆಟ್ಟಿಗೆಯ ಈ ಕಡೆ ಕೂತಿದ್ದ.

ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿ ಕಟ್ಟಿಗೆಯ ಸುದ್ದಿ ತೆಗೆಯಲಿಲ್ಲ. "ಹಳ್ಳದ ಕಡೀದೆಲ್ಲಾ ಮಲಗಿಸಿ ಬಿಟ್ಟಾವ," ಅಂದಳು. ತೆನೆ ಹಾಲುಗಾಳಾಗಿತ್ತು. ಅವಳು ತಟ್ಟೆ ಬಡಿದಿದ್ದಳು, ಪಟಾಕಿ ಹಚ್ಚಿದ್ದಳು, ಗಂಟಲು ಹರಿಯುವಂತೆ ಕೂಗಿದ್ದಳು. ಹಂದಿಗಳು ಒಂದು ಮಗ್ಗುಲಿಂದ ಓಡಿ ಇನ್ನೊಂದು ಮಗ್ಗುಲಿಂದ ಹೊಕ್ಕಿದ್ದವು. ನಾನು "ಅಯ್ಯ" ಅಂದೆ. ಅವಳು ಫೋನು ಇಟ್ಟಳು.

ಆ ದಿನವೇ ಗೋಣಿಚೀಲ ಸರಿಸಿದೆ. ಬೂಸಲು ಒರೆಸಿ, ಸಣ್ಣ ಮರಳುಕಾಗದದಿಂದ ತಿಕ್ಕಿ, ಅಗಸೆ ಎಣ್ಣೆ ಹಚ್ಚಿದೆ. ಹಚ್ಚಿದೆ, ಒರೆಸಿದೆ, ಬಿಟ್ಟೆ, ಮತ್ತೆ ಹಚ್ಚಿದೆ. ಕಟ್ಟಿಗೆ ಕುದಿಸಿದ ಬೆಲ್ಲದ ಬಣ್ಣಕ್ಕೆ ತಿರುಗಿತು, ಎಳೆಗಳು ಎದ್ದು ಕಂಡವು. ಬಹಳ ಚೆನ್ನಾಗಿ ಆಯಿತು.

ಒಯ್ದು ಕೊಟ್ಟದ್ದು ಸೀಗಿ ಹುಣ್ಣಿಮೆಯ ದಿನ. ನಮ್ಮಲ್ಲಿ ಆ ದಿನ ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ ಇದ್ದ ಹಾಗೆ ಎಂದು, ಬಸುರಿಯ ಬಯಕೆ ತೀರಿಸುವಂತೆ ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಅರ್ಧ ಹೊಲ ನೆಲಕ್ಕೆ ಒರಗಿದ್ದರೂ ಅಕ್ಕ ಬುಟ್ಟಿ ಹೊತ್ತು ಬಂದಿದ್ದಳು. ಹಳ್ಳದ ಕಡೆಯ ತುಳಿದ ದಂಟಿನ ಮೇಲೂ ಒಂದು ಹಿಡಿ ಚೆಲ್ಲಿದಳು.

"ಈ ಕಡಿ ಯಾಕಕ್ಕಾ? ಇಲ್ಲೇನೈತಿ?" ಅಂದೆ.

"ಇಲ್ಲಿ ಚರಗಾ ಉಂಡಾವರು ನಮಗಿಂತ ಮೊದಲ ಬಂದಿದ್ದರಪಾ. ಬೀಗರಿಗಿ ಕಡೀಕ ಒಂದ ಹೋಳಿಗಿ ಕೊಡಲಿಲ್ಲಂದ್ರ ಹೆಂಗ?"

ಅವಳು ಕಟ್ಟಿಗೆಯನ್ನು ಬಂದೂಕಿಗೆ ಕೂರಿಸಿ, ತಿರುಪು ಬಿಗಿದು, ಹೆಗಲಿಗೆ ಆನಿಸಿ ನೋಡಿದಳು. ಅಂಗೈಯಿಂದ ಒಮ್ಮೆ ಸವರಿದಳು. "ಚಂದ ಆಗೇತಿ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಎರಡು ಮಾತು ಕೇಳಿ ಕೈಯಲ್ಲಿದ್ದ ಕಡುಬನ್ನು ಕೆಳಗಿಟ್ಟೆ.

"ಅಕ್ಕಾ, ಯಾವ ಎಣ್ಣಿ ಅನ್ನೂದು ನನಗ ಮೊದಲs ಗೊತ್ತಿತ್ತ," ಅಂದೆ.

ಅವಳು ಬುಟ್ಟಿ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಎಣ್ಣಿ ಅಂಗಡಿಯಾಂವಗ ಎಣ್ಣಿ ಗೊತ್ತಿರೂದಿಲ್ಲೇನ? ನಿನಗ ಗೊತ್ತಿತ್ತಂತ ನನಗೂ ಗೊತ್ತಿತ್ತ. ದಾರಿ ನೋಡಿದೆ, ನಾಳೆ ಬಂದೀ, ನಾಡದ ಬಂದೀ ಅಂತ. ಹಂದಿಗೋಳು ನನ್ನಂಗ ದಾರಿ ನೋಡಲಿಲ್ಲ." ಬುಟ್ಟಿ ಮಗುಚಿಟ್ಟು, "ರಸ್ತಾದ ಕಡೀದ ಇನ್ನs ಐತಿ. ತೆನಿ ಮುರಿಯೂತನಕ ಕಾಯಬೇಕ," ಅಂದಳು. ಇರು ಎಂದು ಈ ಸಲ ಅನ್ನಲಿಲ್ಲ.

ನಾನು ಅಂಗಡಿಗೆ ಫೋನು ಮಾಡಿ, ತೆನೆ ಮುರಿಯುವ ತನಕ ಇಲ್ಲೇ ಇರುತ್ತೇನೆಂದು ಹೆಂಡತಿಗೆ ಹೇಳಿದೆ. "ಖರೇನ ಏನ್ರಿ? ಆರಾಮ ಅದೀರಿಲ್ಲೋ?" ಎಂದು ಕೇಳಿದಳು.

ಈ ಪ್ರಬಂಧವನ್ನು ಹೊಲದ ಅಟ್ಟಣಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಂದೂಕು ಅಕ್ಕನ ಹತ್ತಿರವೇ ಇದೆ, ಪರವಾನಗಿ ಅವಳದು. ನನಗೆ ಕೊಟ್ಟಿರುವುದು ಒಂದು ತಗ್ಗು ಬಿದ್ದ ಹಿತ್ತಾಳೆಯ ಪರಾತದ ತಟ್ಟೆ ಮತ್ತು ಅದನ್ನು ಬಡಿಯಲು ಒಂದು ಜಾಲಿಯ ಕೋಲು. ಕೋಲು ಒರಟಾಗಿದೆ, ಅಂಗೈಗೆ ಚುಚ್ಚುತ್ತದೆ, ತುದಿಯಲ್ಲಿ ಸೀಳಿದೆ. ಅದಕ್ಕೆ ಯಾವ ಎಣ್ಣೆ ಒಳ್ಳೆಯದೆಂದು ನಾನು ಯಾರನ್ನೂ ಕೇಳಿಲ್ಲ. ಬಡಿಯುತ್ತಿದ್ದೇನೆ.